ವಾಪಸ್ ವಿಮಾನದಿಂದ ಹಿಂದಕ್ಕೆ ಎಣಿಸಿ: ಉಡುಪಿಯಿಂದ ಲಕ್ಷದ್ವೀಪದ ಅಗತ್ತಿಗೆ ನಮ್ಮಿಬ್ಬರ ಡೈವಿಂಗ್ ಪ್ಲ್ಯಾನ್

ಡೈವಿಂಗ್ ಮಾಡುವ ಗಂಡ ಹೆಂಡತಿ ಸಣ್ಣ ರಜೆಗೆ ದ್ವೀಪಕ್ಕೆ ಹೊರಟರೆ ಲೆಕ್ಕವನ್ನು ಕೊನೆಯ ದಿನದಿಂದ ಹಾಕಬೇಕು. ನಾವು ಮೊದಲು ನೋಡಿದ್ದೇ ವಾಪಸ್ ಬರುವ ವಿಮಾನದ ಸಮಯ. ರೂಮು, ಬೀಚು, ಊಟ ಎಲ್ಲ ಆಮೇಲೆ.

ಇದಕ್ಕೆ ಕಾರಣ ಸಾರಜನಕ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದ ಹಾಗೆ ಇನ್ನೊಂದು ವಾತಾವರಣದಷ್ಟು ಒತ್ತಡ ಮೈಮೇಲೆ ಸೇರುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳ ಸುತ್ತ ಕರಗಿ ಕೂರುತ್ತದೆ. ಎಷ್ಟೇ ನಿಧಾನಕ್ಕೆ ಮೇಲೆ ಬಂದರೂ ಅದು ಪೂರ್ತಿ ಹೊರಗೆ ಹೋಗಲು ಗಂಟೆಗಟ್ಟಲೆ ಬೇಕು. ವಿಮಾನದ ಒಳಗಿನ ಗಾಳಿಯ ಒತ್ತಡವೋ, ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ. ಡೈವ್ ಮುಗಿಸಿ ಬೇಗ ವಿಮಾನ ಹತ್ತಿದರೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ಗುಳ್ಳೆ ಏಳುತ್ತದಲ್ಲ, ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಹೋಗಬಹುದಾದ ತೊಂದರೆ ಅದು. ಹಾಗಾಗಿ ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಅಂದರೆ ಡೈವರ್‌ಗಳೆಲ್ಲ ಡ್ಯಾನ್ ಎಂದು ಕರೆಯುವ ಸಂಸ್ಥೆ, ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಿ ಎನ್ನುತ್ತದೆ. ನಾವು 24 ಗಂಟೆ ಎಂದೇ ಇಟ್ಟುಕೊಂಡೆವು. ಇದರಲ್ಲಿ ಚೌಕಾಸಿ ಇಲ್ಲ ಎಂದು ಶುರುವಿನಲ್ಲೇ ಇಬ್ಬರೂ ಒಪ್ಪಿದ್ದು ಒಳ್ಳೆಯದಾಯಿತು. ಆಮೇಲೆ ಎಷ್ಟೋ ತೀರ್ಮಾನಗಳು ತನ್ನಿಂದ ತಾನೇ ಆದವು.

ಕರಾವಳಿಯವರಿಗೆ ಈ ನಿಯಮ ಅಷ್ಟಾಗಿ ತಟ್ಟುವುದಿಲ್ಲ. ನಾವಿಬ್ಬರೂ ಡೈವಿಂಗ್ ಕಲಿತದ್ದು ನೇತ್ರಾಣಿ ದ್ವೀಪದಲ್ಲಿ. ಮುರುಡೇಶ್ವರದಿಂದ ಬೋಟಿನಲ್ಲಿ ಹೋಗಿ, ಡೈವ್ ಮಾಡಿ, ಸಂಜೆ ಹೆದ್ದಾರಿ ಹಿಡಿದು ಕುಂದಾಪುರದಲ್ಲಿ ಚಾ ಕುಡಿದು ಉಡುಪಿಗೆ ಬಂದರೆ ಮುಗಿಯಿತು. ದಾರಿಯುದ್ದಕ್ಕೂ ಸಮುದ್ರ ಮಟ್ಟವೇ. ಘಟ್ಟದ ಮೇಲಿನಿಂದ ಬಂದವರಿಗೆ ಹಾಗಲ್ಲ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಭಾನುವಾರ ಮಧ್ಯಾಹ್ನ ನೀರಿನಿಂದ ಎದ್ದು ಅದೇ ರಾತ್ರಿ ಘಾಟಿ ಹತ್ತುವವರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಒಂದು ರಾತ್ರಿ ಕೆಳಗೆ ಉಳಿದು ಹೋಗಿ ಅಂತ ಪರಿಚಯ ಇಲ್ಲದವರಿಗೂ ಹೇಳಿದ್ದೇನೆ.

ಪ್ರವಾಸದ ವಿಷಯ ತೆಗೆದಾಗ ಅತ್ತೆ ಕೇಳಿದ್ದೂ ನೇತ್ರಾಣಿಯ ಬಗ್ಗೆಯೇ. "ಅದು ಇಲ್ಲೇ ಉಂಟಲ್ಲ, ಮತ್ತೆ ಅಷ್ಟು ದೂರ ಎಂತಕ್ಕೆ?" ನ್ಯಾಯವಾದ ಪ್ರಶ್ನೆ. ನೇತ್ರಾಣಿ ಎಂದರೆ ನನಗೆ ಪ್ರಾಣ. ಆದರೆ ಅಲ್ಲಿ ಉಳಿಯುವ ಹಾಗಿಲ್ಲ, ಹೋಗಿ ಬರಬೇಕು. ಒಂದು ದಿನ ಗಾಜಿನ ಹಾಗಿದ್ದ ನೀರು ಇನ್ನೊಂದು ದಿನ ಹಸಿರು ಮಂಜಾಗಿರುತ್ತದೆ. ನಮಗೆ ಬೇಕಾಗಿದ್ದದ್ದು ಬೆಳಗ್ಗೆ ಎದ್ದು ಚಪ್ಪಲಿ ಹಾಕಿ ನಡೆದರೆ ಡೈವ್ ಬೋಟು ಸಿಗುವ ಜಾಗ, ಸಂಜೆ ಇಬ್ಬರೇ ಕೂತು ಮಾತಾಡುವ ಪುರುಸೊತ್ತು. ಮಗಳು ಹುಟ್ಟಿದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಅವಳನ್ನು ಕಟಪಾಡಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಹೋಗುವುದೆಂದಾಯಿತು. ಹಾಗಾಗಿ ರಜೆ ಉದ್ದ ಮಾಡುವ ಹಾಗಿರಲಿಲ್ಲ.

ಮೊದಲು ಮಾಲ್ಡೀವ್ಸ್ ನೋಡಿದೆವು. ವೀಸಾ ಚಿಂತೆ ಇಲ್ಲ, ಭಾರತೀಯರು ಮೊದಲೇ ವೀಸಾ ಮಾಡಿಸಿಕೊಂಡು ಹೋಗಬೇಕಾಗಿಲ್ಲ. ರೆಸಾರ್ಟ್ ಬೇಡವೆಂದರೆ ಊರಿನವರು ಇರುವ ದ್ವೀಪಗಳಲ್ಲೇ ಗೆಸ್ಟ್‌ಹೌಸ್‌ಗಳಿವೆ. ದಕ್ಷಿಣ ಆರಿ ಹವಳದ್ವೀಪದಲ್ಲಿ ವರ್ಷಪೂರ್ತಿ ತಿಮಿಂಗಿಲ ಶಾರ್ಕ್ ಕಾಣುವ ಅವಕಾಶ ಇದೆ. ಅದನ್ನು ಓದಿದಾಗ ನನ್ನ ಮನಸ್ಸು ಅಲ್ಲೇ ನಿಂತಿತು. ಆದರೆ ಉಡುಪಿಯಿಂದ ಬೆಂಗಳೂರು, ಬೆಂಗಳೂರಿನಿಂದ ಮಾಲೆ, ಮಾಲೆಯಿಂದ ಸ್ಪೀಡ್ ಬೋಟ್. ಹೋಗಲು ಒಂದು ದಿನ ಪೂರ್ತಿ, ಬರಲು ಇನ್ನೊಂದು. ಅದರ ಮೇಲೆ ವಿಮಾನದ ಮೊದಲಿನ ಒಣ ದಿನ, ಅಂದರೆ ಡೈವ್ ಮಾಡದ ದಿನ. ಕೈಯಲ್ಲಿ ಉಳಿಯುವ ಡೈವಿಂಗ್ ದಿನಗಳನ್ನು ನೋಡಿದರೆ, ಡಾಲರಿನಲ್ಲಿ ಕೊಡುವ ದುಡ್ಡು ಕಣ್ಣಿಗೆ ಚುಚ್ಚುತ್ತಿತ್ತು. ವಾರಕ್ಕಿಂತ ಜಾಸ್ತಿ ರಜೆ ಇರುವವರು ಕಣ್ಣು ಮುಚ್ಚಿ ಹೋಗಬಹುದು.

ಅಂಡಮಾನ್ ನಮ್ಮವರ ಆಸೆ. ಪೋರ್ಟ್ ಬ್ಲೇರ್, ಈಗಿನ ಹೆಸರು ಶ್ರೀ ವಿಜಯಪುರಂ, ಅಲ್ಲಿ ಇಳಿದು ಫೆರ್ರಿಯಲ್ಲಿ ಹ್ಯಾವ್‌ಲಾಕ್ ಅಂದರೆ ಸ್ವರಾಜ್ ದ್ವೀಪಕ್ಕೆ ಹೋಗಬೇಕು. ಡಿಕ್ಸನ್ಸ್ ಪಿನಾಕಲ್, ಜಾನಿಸ್ ಗಾರ್ಜ್ ಎಂದು ಅವರು ಹೆಸರು ಹೇಳುವಾಗಲೇ ಮುಖ ಅರಳುತ್ತದೆ. ಅಲ್ಲಿಯೂ ಅದೇ ಕಥೆ: ಎರಡು ವಿಮಾನ, ಒಂದು ಫೆರ್ರಿ. ಫೆರ್ರಿ ಸಮಯಕ್ಕೂ ವಿಮಾನಕ್ಕೂ ಹೊಂದದಿದ್ದರೆ ಮಧ್ಯೆ ಒಂದು ರಾತ್ರಿ ಹೋಗುತ್ತದೆ. ಕಾಗದದ ಮೇಲೆ ದಿನಗಳನ್ನು ಬರೆದು ಒಂದೊಂದೇ ಹೊಡೆದು ಹಾಕಿದ ಮೇಲೆ ಅವರೇ ಹೇಳಿದರು, "ಇದಕ್ಕೆ ದೊಡ್ಡ ರಜೆ ಬೇಕು ಮಾರಾಯ್ತಿ, ಮಗಳನ್ನೂ ಕರ್ಕೊಂಡು ಹೋಗುವ."

ಕೊನೆಗೆ ಉಳಿದದ್ದು ಲಕ್ಷದ್ವೀಪ. ಯೋಚಿಸಿದರೆ ಅದು ನಮ್ಮ ನೆರೆಮನೆ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ತನಕ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು, ಅಂದರೆ ಸರಕು ಸಾಗಿಸುವ ಮರದ ಹಡಗುಗಳು, ಇಂದಿಗೂ ಸಿಮೆಂಟು, ಜಲ್ಲಿ, ತರಕಾರಿ ತುಂಬಿಕೊಂಡು ಅಲ್ಲಿಗೆ ಹೋಗುತ್ತವೆ. ನನ್ನ ತವರು ಮನೆ ಮಂಗಳೂರು. ಸಣ್ಣವಳಿರುವಾಗ ಅಪ್ಪನ ಜೊತೆ ಬಂದರಿಗೆ ಹೋದರೆ ಆ ಮಂಜಿಗಳ ಮರದ ಹೊಟ್ಟೆಯನ್ನೇ ನೋಡುತ್ತ ನಿಲ್ಲುತ್ತಿದ್ದೆ. ಅಲ್ಲಿಯವರು ಆಸ್ಪತ್ರೆಗೆಂದು, ಮದುವೆ ಜವಳಿಗೆಂದು ಮಂಗಳೂರಿಗೆ ಬರುವುದು ನಮಗೆ ಹೊಸತಲ್ಲ. ನಾವು ಆ ಕಡೆ ಹೋಗುವುದು ಮಾತ್ರ ಅಪರೂಪ.

ನೀರಿನ ವಿಷಯಕ್ಕೆ ಬಂದರೂ ಲಕ್ಷದ್ವೀಪಕ್ಕೆ ಒಂದು ದೊಡ್ಡ ಅನುಕೂಲ ಇದೆ. ನಮ್ಮ ಕರಾವಳಿಯಲ್ಲಿ ನೇತ್ರಾವತಿ, ಸ್ವರ್ಣಾ, ಸೀತಾ ಎಲ್ಲ ಮಣ್ಣು ಹೊತ್ತು ತಂದು ಸಮುದ್ರಕ್ಕೆ ಸುರಿಯುತ್ತವೆ. ಅಲ್ಲಿ ನದಿಯೇ ಇಲ್ಲ. 36 ದ್ವೀಪ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್. ಎಲ್ಲವೂ ಹವಳ ಕಟ್ಟಿದ ನೆಲ. ಒಳಗೆ ಆಳವಿಲ್ಲದ ಲಗೂನ್, ಹೊರಗೆ ಹವಳದ ದಿಬ್ಬ, ಅದನ್ನು ದಾಟಿದರೆ ತಳ ಕಾಣದ ಕಡಲು. ಇನ್ನು ಹೊಸಬರಿಗೆ, ಹಳಬರಿಗೆ ಇಬ್ಬರಿಗೂ ಒಂದೇ ಬೋಟಿನಲ್ಲಿ ಜಾಗ ಸಿಗುತ್ತದೆ. ನನಗೆ ಓಪನ್ ವಾಟರ್ ಸರ್ಟಿಫಿಕೇಟ್, ಅಂದರೆ 18 ಮೀಟರ್ ತನಕ. ಅವರಿಗೆ ಅಡ್ವಾನ್ಸ್ಡ್, 30 ಮೀಟರ್. ಗಂಡ ಹೆಂಡತಿ ಜೊತೆಗೆ ಇಳಿಯುವುದಾದರೆ ಕಡಿಮೆ ಆಳದ ಸರ್ಟಿಫಿಕೇಟೇ ಇಬ್ಬರಿಗೂ ಗೆರೆ. ಅದನ್ನು ಅವರು ಒಮ್ಮೆಯೂ ನನ್ನ ಋಣದ ಹಾಗೆ ಆಡಿ ತೋರಿಸಲಿಲ್ಲ.

ಹಡಗಿನ ಪ್ಯಾಕೇಜೂ ಒಂದಿದೆ. ಕೊಚ್ಚಿಯಿಂದ ಹೊರಟು ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸಿ ತರುತ್ತಾರೆ, ರಾತ್ರಿ ಹಡಗಿನಲ್ಲೇ ನಿದ್ದೆ. ದ್ವೀಪ ನೋಡಬೇಕೆನ್ನುವವರಿಗೆ ಅದಕ್ಕಿಂತ ಚೆಂದದ್ದು ಬೇರೆ ಇಲ್ಲ. ಆದರೆ ಒಂದೊಂದು ದ್ವೀಪದಲ್ಲಿ ಹಗಲು ಮಾತ್ರ ಸಿಗುವ ಕಾರಣ ನಿಧಾನವಾಗಿ ಡೈವ್ ಮಾಡಲು ಆಗುವುದಿಲ್ಲ. ನಾವು ಒಂದೇ ಕಡೆ ಬೇರು ಬಿಡುವುದೆಂದು ಅಗತ್ತಿ ಆರಿಸಿದೆವು. ವಿಮಾನ ಇಳಿಯುವುದೂ ಅಲ್ಲೇ, ಪಕ್ಕದ ಬಂಗಾರಂಗೆ ಬೋಟಿನಲ್ಲಿ ಹೋಗಿ ಬರಲೂ ಸುಲಭ.

ತಾರೀಕು ಹುಡುಕುವುದೇ ದೊಡ್ಡ ಕೆಲಸ. ಮೇ ಮಧ್ಯದಿಂದ ಸೆಪ್ಟೆಂಬರ್ ತನಕ ಮಳೆಗಾಳಿ, ಅದು ಬಿಡಿ. ಅಕ್ಟೋಬರಿನಿಂದ ಏಪ್ರಿಲ್ ತನಕ ಸಮುದ್ರ ಒಳ್ಳೆಯದಿದ್ದರೂ ನಮ್ಮ ಊರಿನಲ್ಲಿ ಆ ತಿಂಗಳುಗಳಲ್ಲೇ ಮದುವೆ, ನೇಮ, ಕೋಲ, ಬ್ರಹ್ಮಕಲಶ. ಮಾರ್ಚಿನಲ್ಲಿ ಮಗಳ ಪರೀಕ್ಷೆ. ಕೊನೆಗೆ ಫೆಬ್ರವರಿ ಎಂದು ನಿಂತಿತು. ಅದರಲ್ಲೂ ಯಾವ ವಾರ ಎಂದು ಹೇಳಿದ್ದು ಗೋಡೆಯ ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರ ಇಳಿತ ಜೋರು, ದಿಬ್ಬದ ಬಾಯಿಗಳಲ್ಲಿ ಸೆಳೆತವೂ ಜೋರು. ಅಷ್ಟಮಿಯ ಆಚೀಚೆ ನೀರು ಸೌಮ್ಯ. ಮಲ್ಪೆಯಲ್ಲಿ ಮೀನುಗಾರರ ಮಧ್ಯೆ ಬೆಳೆದ ನಮ್ಮವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಡೈವ್ ಸೆಂಟರಿನವರಿಗೆ ಫೋನಿನಲ್ಲಿ ಆ ವಾರ ಹೇಳಿದಾಗ ಅವರೂ, "ನೀವು ನೋಡಿಯೇ ಕೇಳಿದ್ದೀರಿ ಅಲ್ವಾ" ಎಂದರು.

ಇನ್ನು ಪರ್ಮಿಟ್. ಲಕ್ಷದ್ವೀಪಕ್ಕೆ ಹೋಗಲು ನಮ್ಮ ದೇಶದವರಿಗೂ ಪ್ರವೇಶ ಪರ್ಮಿಟ್ ಬೇಕು. ಬಹಳ ಜನ ಇಲ್ಲೇ ಕೈ ಚೆಲ್ಲುತ್ತಾರೆ. ಕೈ ಚೆಲ್ಲುವಂಥದ್ದೇನೂ ಇಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಬೇಕಾದದ್ದು ಪೊಲೀಸರಿಂದ ನಮ್ಮ ಮೇಲೆ ಕೇಸು ಇಲ್ಲ ಎನ್ನುವ ಸರ್ಟಿಫಿಕೇಟ್. ನಮ್ಮಲ್ಲಿ ಅದಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಡಿಸೆಂಬರಿನಲ್ಲೇ ಹಾಕಿದೆವು. ಠಾಣೆಯಿಂದ ಫೋನ್ ಬಂತು, ಇಬ್ಬರೂ ಹೋದೆವು. ಅಲ್ಲಿದ್ದವರು ಕಾಗದ ನೋಡಿ, "ಲಕ್ಷದ್ವೀಪಕ್ಕಾ? ಅಲ್ಲಿ ಎಂತ ಕೆಲಸ ನಿಮ್ಗೆ?" ಎಂದು ಕೇಳಿದರು. ಸ್ಕೂಬಾ ಎಂದೆವು. ಆಮೇಲೆ ಹತ್ತು ನಿಮಿಷ ಅವರು ಕೇಳಿದ್ದೆಲ್ಲ ಸ್ಕೂಬಾ ಬಗ್ಗೆಯೇ. ಈಜು ಬಾರದವರೂ ಮಾಡಬಹುದಾ, ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ನಾ ಎಂದೆಲ್ಲ. ಅದು ಬರೀ ಗಾಳಿ, ಒತ್ತಿ ತುಂಬಿದ ಗಾಳಿ ಎಂದು ನಮ್ಮವರು ಉತ್ಸಾಹದಿಂದ ವಿವರಿಸಿದರು.

ಅರ್ಜಿಯಲ್ಲಿ ನೋಡಿಕೊಳ್ಳಬೇಕಾದ ಸಣ್ಣ ವಿಷಯ ಒಂದಿದೆ. ಆಧಾರ್, ಪೊಲೀಸ್ ಸರ್ಟಿಫಿಕೇಟ್, ವಿಮಾನದ ಟಿಕೆಟ್, ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ನಮ್ಮ ಕಡೆ ಒಬ್ಬರ ಹೆಸರಿನ ಜೊತೆ ಊರಿನ ಹೆಸರು, ತಂದೆಯ ಹೆಸರು, ಬಂಟರ ಮನೆಯ ಹೆಸರು ಎಲ್ಲ ಸೇರಿಕೊಂಡು ಒಂದೊಂದು ಕಾಗದದಲ್ಲಿ ಒಂದೊಂದು ರೂಪದಲ್ಲಿ ಇರುತ್ತದಲ್ಲ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಲಕ್ಷದ್ವೀಪದ ಆನ್‌ಲೈನ್ ಪರ್ಮಿಟ್ ಅರ್ಜಿ. ಡೈವ್ ಸೆಂಟರಿನವರೂ ರೂಮಿನವರೂ ಅದನ್ನು ತುಂಬಲು ಸಹಾಯ ಮಾಡಿದರು. ಎಲ್ಲದರ ಪ್ರಿಂಟ್ ತೆಗೆದು ಒಂದು ಫೈಲಿನಲ್ಲಿ ಹಾಕಿಟ್ಟೆವು. ಫೋನಿನಲ್ಲಿ ಇದೆಯಲ್ಲ ಎಂದು ಬಿಡಬೇಡಿ, ಚೆಕ್‌ಇನ್ ಹತ್ತಿರ ಕಾಗದ ತೋರಿಸಿದರೆ ಕೆಲಸ ಸಲೀಸು.

ಡೈವ್ ಸೆಂಟರಿಗೆ ನಾವು ಕೇಳಿದ ಪ್ರಶ್ನೆಗಳಲ್ಲಿ ದರ ಕೊನೆಗೆ ಬಂತು. ಬೋಟಿನಲ್ಲಿ ಆಕ್ಸಿಜನ್ ಕಿಟ್ ಉಂಟಾ? ಒಬ್ಬ ಗೈಡ್ ಜೊತೆ ಎಷ್ಟು ಜನ ಇಳಿಯುತ್ತಾರೆ? ಕಂಪ್ರೆಸರಿನ ಫಿಲ್ಟರ್ ಯಾವಾಗ ಬದಲಿಸಿದ್ದು? ಯಾರಿಗಾದರೂ ಡಿಕಂಪ್ರೆಷನ್ ತೊಂದರೆ, ಅಂದರೆ ಆ ಗುಳ್ಳೆಯ ತೊಂದರೆ ಆದರೆ ಎಲ್ಲಿಗೆ, ಹೇಗೆ ಸಾಗಿಸುತ್ತೀರಿ? ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಟ್ಟವರನ್ನು ಆರಿಸಿದೆವು. "ಅದೆಲ್ಲ ಆಗುವುದಿಲ್ಲ ಬಿಡಿ" ಎಂದವರನ್ನು ಬಿಟ್ಟೆವು. ಸಣ್ಣ ದ್ವೀಪ, ದೊಡ್ಡ ಚಿಕಿತ್ಸೆಗೆ ಕಡಲು ದಾಟಿ ಬರಬೇಕು. ಇದನ್ನು ಕೇಳಿದರೆ ಅಪಶಕುನ ಎಂದು ತಿಳಿಯುವ ಅಗತ್ಯ ಇಲ್ಲ. ಇನ್ಶೂರೆನ್ಸ್‌ ಕೂಡ ಹಾಗೆಯೇ. ಸಾಮಾನ್ಯ ಪ್ರವಾಸದ ಪಾಲಿಸಿಗಳಲ್ಲಿ ಸ್ಕೂಬಾ ಬಿಟ್ಟು ಬರೆದಿರುವುದು ಜಾಸ್ತಿ. ಹೊರಗಿಟ್ಟ ಸಂಗತಿಗಳ ಪುಟವನ್ನು ಪೂರ್ತಿ ಓದಿಯೇ ಹಣ ಕಟ್ಟಿದೆವು. ಮಣಿಪಾಲದಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರಿಗೂ ಒಮ್ಮೆ ತೋರಿಸಿ ಬಂದೆವು, ನನಗೆ ಚಳಿಗಾಲದಲ್ಲಿ ಮೂಗು ಕಟ್ಟುವ ಅಭ್ಯಾಸ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಮಾಡಲು ಆಗುವುದಿಲ್ಲ, ಕಿವಿ ತೆರೆಯದೆ ಇಳಿಯುವ ಹಾಗಿಲ್ಲ.

ಸಾಮಾನಿನಲ್ಲಿ ಸಿಲಿಂಡರ್, ಗಾಳಿ ತುಂಬಿಸಿ ತೇಲುವ ಬಿಸಿಡಿ ಜಾಕೆಟ್, ತೂಕ ಎಲ್ಲ ಅಲ್ಲಿಯೇ ಬಾಡಿಗೆಗೆ. ನಾವು ಒಯ್ದದ್ದು ಮಾಸ್ಕ್, ಡೈವ್ ಕಂಪ್ಯೂಟರ್, ತೆಳು ವೆಟ್‌ಸೂಟ್, ಲಾಗ್‌ಬುಕ್ ಮತ್ತು ಸರ್ಟಿಫಿಕೇಟ್ ಕಾರ್ಡು. ಅಗತ್ತಿಗೆ ಹೋಗುವುದು ಸಣ್ಣ ವಿಮಾನ, ಲಗೇಜಿನ ಮಿತಿಯೂ ಸಣ್ಣದು. ಮಾಸ್ಕ್ ಮಾತ್ರ ಸ್ವಂತದ್ದೇ ಇರಬೇಕೆಂದು ನನ್ನ ಹಠ. ಬೆಲ್ಟ್ ಹಾಕದೆ ಮುಖಕ್ಕೆ ಒತ್ತಿ, ಮೂಗಿನಲ್ಲಿ ಉಸಿರೆಳೆದು ಕೈ ಬಿಡಬೇಕು, ಬೀಳದೆ ನಿಂತರೆ ಅದು ನಿಮ್ಮ ಮುಖದ್ದು. ಅಂಗಡಿಯ ಕನ್ನಡಿಯ ಎದುರು ಹೀಗೆ ಒಂದೊಂದನ್ನೇ ಒತ್ತಿ ನೋಡಿ ನನ್ನದನ್ನು ತೆಗೆದುಕೊಂಡಿದ್ದೆ. ನಮ್ಮವರಿಗೆ ಕನ್ನಡಕ ಇದೆ, ಅವರ ಮಾಸ್ಕಿಗೆ ಪವರ್ ಗಾಜು ಹಾಕಿಸಿದೆವು. ಹೊಸ ಗಾಜಿಗೆ ಒಳಗಡೆ ಟೂತ್‌ಪೇಸ್ಟ್ ಹಚ್ಚಿ ಬೆರಳಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಬೇಕು, ಇಲ್ಲದಿದ್ದರೆ ನೀರಿನಲ್ಲಿ ಮಂಜು ಹಿಡಿಯುತ್ತದೆ. ಅದನ್ನು ಮಗಳು ವಹಿಸಿಕೊಂಡು ಮಾಡಿದಳು. ಟಾರ್ಚಿನ ಬ್ಯಾಟರಿ ಕೈಚೀಲದಲ್ಲಿ, ಚಾಕು ಚೆಕ್‌ಇನ್ ಬ್ಯಾಗಿನಲ್ಲಿ.

ಕೊಚ್ಚಿ ತನಕ ರೈಲು. ಉಡುಪಿ, ಮಂಗಳೂರು ಜಂಕ್ಷನ್ ದಾಟಿ ಎರ್ನಾಕುಳಂಗೆ ಹೋಗುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಇದೆ, ರಾತ್ರಿ ಹತ್ತಿದರೆ ಬೆಳಗ್ಗೆ ಎರ್ನಾಕುಳಂ. ಆದರೆ ದೂರದಿಂದ ಬರುವ ರೈಲನ್ನು ನೆಚ್ಚಿ ಅದೇ ದಿನದ ವಿಮಾನ ಬುಕ್ ಮಾಡಬಾರದು. ನಾವು ಕೊಚ್ಚಿಯಲ್ಲಿ ಒಂದು ರಾತ್ರಿ ಉಳಿದೆವು. ಆ ರಾತ್ರಿಯ ಖರ್ಚು ದಂಡ ಎಂದು ಅನಿಸಲೇ ಇಲ್ಲ. ನಿದ್ದೆಗೆಟ್ಟು, ನೀರು ಕುಡಿಯದೆ ಹೋಗಿ ಡೈವ್ ಮಾಡಿದರೆ ಮೈ ಕೇಳುವುದಿಲ್ಲ.

ಅಗತ್ತಿಯಲ್ಲಿ ಮೊದಲ ಡೈವ್ ಲಗೂನಿನ ಅಂಚಿನಲ್ಲಿ, ಆಳ ಕಡಿಮೆ. ಬೆಲ್ಟಿನ ತೂಕ ಸರಿಯಿದೆಯಾ, ಮಾಸ್ಕಿನ ನೀರು ತೆಗೆಯಲು ಕೈ ಮರೆತಿಲ್ಲ ಅಲ್ವಾ ಎಂದು ನೋಡಿಕೊಳ್ಳುವ ಡೈವ್ ಅದು. ಇಬ್ಬರ ಮಧ್ಯೆ ಒಪ್ಪಂದ ಹಳೆಯದು. ಯಾರಿಗೆ ಬೇಡ ಅನಿಸಿದರೂ ಹೆಬ್ಬೆರಳು ಮೇಲೆ ತೋರಿಸಿದರೆ ಸಾಕು, ಇನ್ನೊಬ್ಬರು ಕಾರಣ ಕೇಳುವ ಹಾಗಿಲ್ಲ. ನಮ್ಮವರಿಗೆ ಗಾಳಿ ಬೇಗ ಮುಗಿಯುತ್ತದೆ. 200 ಬಾರ್ ಒತ್ತಡದ ತನಕ ಗಾಳಿ ತುಂಬಿಸಿ ಇಳಿದರೆ ನನ್ನದು ಅರ್ಧವೂ ಖಾಲಿಯಾಗದಿರುವಾಗ ಅವರದ್ದು ಕೆಳಗೆ ಬಂದಿರುತ್ತದೆ. ಅವರ ಗೇಜು ನೋಡಿಯೇ ಇಬ್ಬರೂ ತಿರುಗುವುದು.

ಆಚೆ ದಿಬ್ಬದ ಗೋಡೆಯಲ್ಲಿ ನೋಡಿದ್ದನ್ನೆಲ್ಲ ಬರೆದರೆ ಮುಗಿಯುವುದಿಲ್ಲ. ಒಂದೇ ಹೇಳುತ್ತೇನೆ. ಅಗಲವಾದ ಮೇಜಿನಂಥ ಹವಳವೊಂದು ಸತ್ತು ಬೂದು ಬಣ್ಣಕ್ಕೆ ತಿರುಗಿತ್ತು, ಮೇಲೆ ಪಾಚಿ. ಅದರ ಒಂದು ಮೂಲೆಯಲ್ಲಿ ಅಂಗೈಯಷ್ಟು ಹೊಸ ಹವಳ, ತುದಿಗಳೆಲ್ಲ ತಿಳಿ ನೇರಳೆ, ಅದರ ಸಂದಿಯಲ್ಲಿ ಉಗುರಿನಷ್ಟು ಉದ್ದದ ಮೀನುಗಳು ಒಳಗೆ ಹೊರಗೆ ಓಡಾಡುತ್ತಿದ್ದವು. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಲಕ್ಷದ್ವೀಪದ ಹವಳ ಬಿಳಿಚಿ ಸತ್ತಿತ್ತು, 2024ರಲ್ಲಿ ಮತ್ತೆ ಬಿಳಿಚಿತು. ಆ ಅಂಗೈಯಗಲದ ಜಾಗದ ಮೇಲೆ ಯಾರಾದರೂ ಕಾಲಿಗೆ ಹಾಕಿದ ಈಜುರೆಕ್ಕೆ ಬಡಿದರೆ ಮುಗಿಯಿತು. ನೀರಿನಲ್ಲಿ ತೇಲುವ ಹಿಡಿತ ಚೆನ್ನಾಗಿ ಬರುವ ತನಕ ಹವಳದ ಹತ್ತಿರ ಹೋಗಬೇಡಿ ಎಂದು ನಾನು ಕೈ ಮುಗಿದು ಕೇಳುತ್ತೇನೆ. ದಡದಲ್ಲಿ ಬಿದ್ದ ಹವಳದ ತುಂಡನ್ನೂ ತರುವ ಹಾಗಿಲ್ಲ, ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ದ್ವೀಪದಲ್ಲಿ ಮದ್ಯ ಇಲ್ಲ, ಬಂಗಾರಂ ರೆಸಾರ್ಟ್ ಬಿಟ್ಟು. ಊರಿನೊಳಗೆ ನಡೆಯುವಾಗ ಮೈ ಮುಚ್ಚುವ ಬಟ್ಟೆ, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬೋಟು ಬೇಡ ಎಂದು ಮೊದಲೇ ಹೇಳಿಟ್ಟಿದ್ದೆವು. ಊಟಕ್ಕೆ ಕೇದರ ಮೀನು ದಿನಾಲೂ. ನಮಗೆ ಹೇಳಬೇಕಾ?

ಒಣ ದಿನದ ಬಗ್ಗೆ ಇಬ್ಬರಿಗೂ ಸ್ವಲ್ಪ ಬೇಜಾರಿತ್ತು, ಸಮುದ್ರ ಎದುರಿಗಿದ್ದೂ ಇಳಿಯುವ ಹಾಗಿಲ್ಲವಲ್ಲ ಎಂದು. ಆದರೆ ನಿಷೇಧ ಇರುವುದು ಸಿಲಿಂಡರಿಗೆ. ಆಳಕ್ಕೆ ಮುಳುಗದೆ ನೀರಿನ ಮೇಲೆ ಮಾಸ್ಕ್, ಸ್ನಾರ್ಕೆಲ್ ಹಾಕಿ ತೇಲಬಹುದು. ಲಗೂನಿನಲ್ಲಿ ಸೊಂಟದಷ್ಟು ನೀರಿನಲ್ಲಿ ಹಸಿರು ಆಮೆಗಳು ಕಡಲಹುಲ್ಲು ಮೇಯುತ್ತಿದ್ದವು. ದೂರ ನಿಂತು ನೋಡಿದೆವು. ಮಧ್ಯಾಹ್ನ ಡೈವ್ ಸೆಂಟರಿನ ಜಗಲಿಯಲ್ಲಿ ಕೂತು ಲಾಗ್‌ಬುಕ್ ತುಂಬಿಸಿ ಮುದ್ರೆ ಹಾಕಿಸಿಕೊಂಡೆವು, ವೆಟ್‌ಸೂಟ್ ಸಿಹಿನೀರಿನಲ್ಲಿ ಜಾಲಿಸಿ ಒಣಗಿಸಿದೆವು. ಒದ್ದೆ ಸೂಟು ಬ್ಯಾಗಿಗೆ ಹಾಕಿದರೆ ತೂಕವೂ ಜಾಸ್ತಿ, ವಾಸನೆಯೂ ಜಾಸ್ತಿ. ಆ ದಿನ ಇಲ್ಲದಿದ್ದರೆ ಇಬ್ಬರೇ ಕೂತು ಮಾತಾಡುವ ಪುರುಸೊತ್ತು ನಿಜಕ್ಕೂ ಸಿಗುತ್ತಿರಲಿಲ್ಲ.

ಈಗ ನಾದಿನಿಯೂ ಅವಳ ಗಂಡನೂ ಹೊರಟು ನಿಂತಿದ್ದಾರೆ. ಮೇ ಕೊನೆಗೆ ರಜೆ ಸಿಗುತ್ತದೆ, ಹೋಗಬಹುದಾ ಅತ್ತಿಗೆ ಎಂದು ಕೇಳಿದಳು. ಮೇ ಕೊನೆಗೆ ಬೇಡ, ಗಾಳಿ ಶುರುವಾಗಿರುತ್ತದೆ ಎಂದೆ. ನವೆಂಬರಿಗೆ ಇಟ್ಟುಕೊಳ್ಳಿ, ಪೊಲೀಸ್ ಸರ್ಟಿಫಿಕೇಟಿಗೆ ಸೆಪ್ಟೆಂಬರಿನಲ್ಲೇ ಅರ್ಜಿ ಹಾಕಿ ಎಂದು ನಮ್ಮ ಫೈಲು ಕೊಟ್ಟು ಕಳಿಸಿದ್ದೇನೆ.